ಮರಿ ನೋಡುವ ಮೊದಲು ತಾಯಿ ನೋಡಿ: ಲ್ಯಾಬ್ರಡಾರ್ ತರಲು ಹೊರಟವರಿಗೆ

ಚುಂಚನಕಟ್ಟೆ ಜಾತ್ರೆಗೋ ಹೇಮಗಿರಿ ಜಾತ್ರೆಗೋ ಹಳ್ಳಿಕಾರ್ ಕರು ಹಿಡಿಯಲು ಹೋದವರನ್ನು ಗಮನಿಸಿ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಮೈ ತಡವಿ ಸುಳಿ ಎಲ್ಲೆಲ್ಲಿ ಬಿದ್ದಿದೆ ಎಂದು ಹುಡುಕುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಇಡುವಿಕೆ ನೋಡುತ್ತಾರೆ, ಯಾವ ಊರಿನ ಯಾರ ಕೊಟ್ಟಿಗೆಯದು, ತಾಯಿ ಹೇಗಿತ್ತು ಎಂದು ವಿಚಾರಿಸುತ್ತಾರೆ. ಅಷ್ಟೆಲ್ಲ ಆದ ಮೇಲೆ ಟವಲ್ ಕೆಳಗೆ ಕೈ ಕೈ ಹಿಡಿದು ವ್ಯಾಪಾರ. ಅದೇ ಮನೆಯವರು ಹತ್ತು ಹನ್ನೆರಡು ವರ್ಷ ಜೊತೆಗೇ ಬದುಕಬೇಕಾದ ನಾಯಿಮರಿಯನ್ನು ಮಾತ್ರ ವಾಟ್ಸಾಪಿನಲ್ಲಿ ಬಂದ ಒಂದು ಫೋಟೋ ನೋಡಿ ತೀರ್ಮಾನಿಸಿಬಿಡುತ್ತಾರೆ. ಮರಿ ಮನೆಗೆ ಬಂದ ವಾರಕ್ಕೆ ಪಾರ್ವೊ ಎಂಬ ವಾಂತಿ ಭೇದಿಯ ವೈರಸ್ ರೋಗ, ವರ್ಷಕ್ಕೆ ಕುಂಟು, ನಾಲ್ಕೈದು ವರ್ಷಕ್ಕೆ ಕಣ್ಣು ಮಂಜು. ಆಮೇಲೆ ‘ಲ್ಯಾಬ್ ಜಾತಿಯೇ ಹೀಗೆ’ ಎಂದು ಜಾತಿಯ ಮೇಲೆ ಹಾಕುತ್ತಾರೆ.

ಮೈಸೂರು, ಮಂಡ್ಯ ಕಡೆ ಲ್ಯಾಬ್ರಡಾರ್ ಸಾಕಬೇಕು ಎಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಮುಖ್ಯ ಮಾತು ಒಂದೇ: ಎರಡು ತಿಂಗಳ ಮರಿಯ ಮುಖದಲ್ಲಿ ಅದರ ಮುಂದಿನ ಬದುಕು ಅಷ್ಟಾಗಿ ಕಾಣುವುದಿಲ್ಲ, ಅದರ ತಾಯಿಯಲ್ಲಿ, ತಂದೆಯಲ್ಲಿ, ಅವುಗಳನ್ನು ಸಾಕಿದವರ ಅಂಗಳದಲ್ಲಿ ಕಾಣುತ್ತದೆ. ಆದ್ದರಿಂದ ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು.

ಮೊದಲು ನಿಮ್ಮ ಮನೆ

ಬೆಳೆದ ಗಂಡು ಲ್ಯಾಬ್ರಡಾರ್ 29ರಿಂದ 36 ಕೆ.ಜಿ. ತೂಗುತ್ತದೆ, ಹೆಣ್ಣು 25ರಿಂದ 32. ಮೊದಲ ಎರಡು ವರ್ಷ ಅದಕ್ಕೆ ದಣಿವೆಂಬುದೇ ಗೊತ್ತಾಗದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚೆನ್ನಾಗಿ ನಡೆಸಿ ಆಡಿಸುವವರು ಮನೆಯಲ್ಲಿ ಯಾರು? ‘ಮಕ್ಕಳು ಕೇಳಿದರು, ಅದಕ್ಕೆ ತಂದೆವು’ ಎನ್ನುವ ಮನೆಗಳಲ್ಲಿ ಆರು ತಿಂಗಳು ಕಳೆಯುವಷ್ಟರಲ್ಲಿ ನಾಯಿ ಅಜ್ಜಿಯ ಪಾಲಿಗೆ ಬರುತ್ತದೆ. ಮೂವತ್ತು ಕೆ.ಜಿ.ಯ ಪ್ರಾಣಿ ಬೆಲ್ಟ್ ಎಳೆದರೆ ಅಜ್ಜಿ ಬೀಳುತ್ತಾರೆ. ನಡೆಸುವ ಕೆಲಸ ದೊಡ್ಡವರೊಬ್ಬರು ಒಪ್ಪಿಕೊಂಡಿದ್ದರೆ ಮಾತ್ರ ಮುಂದುವರಿಯಿರಿ.

ಲ್ಯಾಬ್ರಡಾರ್‌ಗೆ ಒಳಗೊಂದು ಹೊರಗೊಂದು ಎಂದು ಎರಡು ಪದರದ ಕೂದಲು. ವರ್ಷವಿಡೀ ಉದುರುತ್ತದೆ, ಬಟ್ಟೆಗೂ ಸೋಫಾಗೂ ಅಂಟುತ್ತದೆ. ಮಂಡ್ಯ, ಮದ್ದೂರು ಕಡೆಯ ಏಪ್ರಿಲ್ ಬಿಸಿಲಿಗೆ ಈ ಕೂದಲು ದೊಡ್ಡ ಹೊರೆ. ಟೆರೇಸಿನ ಮೇಲಿನ ತಗಡಿನ ಶೆಡ್‌ನಲ್ಲಿ ಕಟ್ಟಿಹಾಕುವ ಯೋಚನೆಯಿದ್ದರೆ ದಯವಿಟ್ಟು ಈ ಜಾತಿ ಬೇಡ. ಜನರಿಂದ ದೂರ ಕಟ್ಟಿದ ಲ್ಯಾಬ್ರಡಾರ್ ಬೊಗಳಿ, ಅಗೆದು, ಕಡಿದು ತನ್ನ ಸಂಕಟ ತೋರಿಸುತ್ತದೆ.

ಕಾವಲಿಗೆ ಬೇಕು ಎನ್ನುವವರಿಗೂ ನೇರವಾಗಿ ಹೇಳುತ್ತೇನೆ. ತೋಟದ ಮನೆಗೆ ರಾತ್ರಿ ಯಾರಾದರೂ ಬಂದರೆ ಲ್ಯಾಬ್ರಡಾರ್ ಒಂದೆರಡು ಸಲ ಬೊಗಳಿ, ಆಮೇಲೆ ಬಾಲ ಅಲ್ಲಾಡಿಸಿಕೊಂಡು ಹತ್ತಿರ ಹೋಗುವ ಸಂಭವವೇ ಹೆಚ್ಚು. ಅದರ ಸ್ವಭಾವವೇ ಅದು. ಕಾವಲಿಗೆ ನಮ್ಮೂರ ನಾಯಿ ಇದಕ್ಕಿಂತ ಎಷ್ಟೋ ಮೇಲು. ನಮ್ಮ ಹವೆಗೆ ಒಗ್ಗಿದ್ದು, ಚುರುಕು, ಖರ್ಚೂ ಕಡಿಮೆ.

ಬೇಟೆಗೆಂದು ಕೇಳುವವರಿಗೆ

‘ಲ್ಯಾಬ್ ಬೇಟೆ ನಾಯಿ ಅಂತಾರಲ್ಲ, ಕಬ್ಬಿನ ಗದ್ದೆಗೆ ಹಂದಿ ಬರ್ತವೆ, ಓಡಿಸಕ್ಕಾಯ್ತದಾ?’ ಎಂದು ಮಂಡ್ಯ ಕಡೆಯವರು ಕೇಳುತ್ತಾರೆ. ಎರಡು ಕಾರಣಕ್ಕೆ ಇಲ್ಲ. ಒಂದು, ಕಾಡುಹಂದಿ, ಮೊಲ, ಗೌಜಲು, ನವಿಲು ಯಾವುದರ ಮೇಲೂ ನಾಯಿ ಬಿಟ್ಟು ಬೇಟೆಯಾಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಎರಡು, ಲ್ಯಾಬ್ರಡಾರ್ ಆ ಕೆಲಸದ ನಾಯಿಯೇ ಅಲ್ಲ. ಕೋರೆ ಇರುವ ಹಂದಿಯ ಮುಂದೆ ಅದು ಹೊಟ್ಟೆ ಸೀಳಿಸಿಕೊಂಡು ಬರುತ್ತದೆ.

ಇದರ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿನ ಮೀನುಗಾರರ ಜೊತೆ ತಣ್ಣೀರಿಗಿಳಿದು ಬಲೆ, ಹಗ್ಗ ಎಳೆದು ತರುತ್ತಿದ್ದ ನಾಯಿಗಳನ್ನು ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟನ್ನಿನ ಜಮೀನ್ದಾರರು ತರಿಸಿಕೊಂಡು, ಗುಂಡೇಟಿಗೆ ಬಿದ್ದ ಬಾತುಕೋಳಿಯನ್ನು ಹುಡುಕಿ ತರುವ ಕೆಲಸಕ್ಕೆ ಪಳಗಿಸಿದರು. 1903ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿಯೆಂದು ಒಪ್ಪಿತು. ಅಟ್ಟಿಸಿಕೊಂಡು ಹೋಗಿ ಕೊಲ್ಲುವ ಕೆಲಸ ಇದಕ್ಕೆ ಎಂದೂ ಇರಲಿಲ್ಲ. ಹಕ್ಕಿಯ ಮೈಮೇಲೆ ಹಲ್ಲಿನ ಗುರುತೂ ಬೀಳದಂತೆ ಮೆತ್ತಗೆ ಕಚ್ಚಿ ತಂದು ಯಜಮಾನನ ಕೈಗೆ ಒಪ್ಪಿಸುವುದು ಇದರ ವಿದ್ಯೆ. ಬೆರಳ ನಡುವಿನ ಪೊರೆ, ಬುಡದಲ್ಲಿ ದಪ್ಪಗಿರುವ ಬಾಲ, ನೀರು ಇಳಿಯದ ಕೂದಲು ಎಲ್ಲ ಬಂದಿರುವುದು ಅದಕ್ಕಾಗಿಯೇ.

ಆ ಗುಣ ಇಂದಿಗೂ ವ್ಯರ್ಥವಲ್ಲ. ಪೊಲೀಸರು ಸ್ಫೋಟಕ ಪತ್ತೆಗೆ ಲ್ಯಾಬ್ರಡಾರ್ ಬಳಸುವುದು ಅದರ ಮೂಗಿಗಾಗಿ, ಹೇಳಿದ್ದನ್ನು ಕೇಳುವ ಬುದ್ಧಿಗಾಗಿ. ಮನೆಯಲ್ಲಿ ಮಕ್ಕಳು ಚೆಂಡು ಎಸೆದು ತರಿಸುವ ಆಟ, ಹುಲ್ಲಿನಲ್ಲಿ ಬಟ್ಟೆಯ ಬೊಂಬೆ ಬಚ್ಚಿಟ್ಟು ಹುಡುಕಿಸುವ ಆಟ ಎಲ್ಲಕ್ಕೂ ಅದೇ ಗುಣ ಬಂಡವಾಳ. ಆದರೆ ಒಂದು ವ್ಯತ್ಯಾಸ ತಿಳಿದಿರಲಿ: ಕೆಲಸದ ವಂಶದವು ತೆಳ್ಳಗೆ, ಕಾಲುದ್ದ, ಎಷ್ಟು ಓಡಿಸಿದರೂ ಸಾಲದು, ನಾಯಿ ಪ್ರದರ್ಶನಕ್ಕೆಂದು ಬೆಳೆಸಿದ ಶೋ ವಂಶದವು ಗಿಡ್ಡ, ತುಂಬಿದ ಮೈ, ಸ್ವಲ್ಪ ನಿಧಾನ. ನಮ್ಮ ಕಡೆ ಸಿಗುವುದು ಬಹುತೇಕ ಎರಡನೆಯದು. ದಿನಾ ಕೆರೆ ಏರಿಯ ಮೇಲೆ ಓಡುವವರಿಗೆ ಮೊದಲನೆಯದು ಸರಿ. ಚಿಕ್ಕ ಮಕ್ಕಳೂ ವಯಸ್ಸಾದವರೂ ಇರುವ ಮನೆಗೆ ಅತಿ ಭಾರವಿಲ್ಲದ ಎರಡನೆಯದು ಸಾಕು.

ಎಲ್ಲಿ ಹುಡುಕಬೇಕು

ಅವಸರ ಬೇಡ. ನಿಮ್ಮ ಬಡಾವಣೆಯಲ್ಲಿ ಏಳೆಂಟು ವರ್ಷ ದಾಟಿದ, ಇನ್ನೂ ಗಟ್ಟಿಮುಟ್ಟಾಗಿ ಓಡಾಡುವ ಲ್ಯಾಬ್ರಡಾರ್ ಇದ್ದರೆ ಎಲ್ಲಿಂದ ತಂದಿರಿ ಎಂದು ಕೇಳಿ. ಸಾಕುಪ್ರಾಣಿಗಳನ್ನು ನೋಡುವ ಪಶುವೈದ್ಯರನ್ನು ಕೇಳಿ. ಯಾರ ಮನೆಯ ಮರಿಗಳು ಪದೇ ಪದೇ ಕಾಯಿಲೆ ಬಿದ್ದು ಬರುತ್ತವೆ ಎಂಬುದು ಅವರಿಗೆ ಗೊತ್ತಿರುತ್ತದೆ. ದಸರಾ ಹೊತ್ತಿಗೆ ಮೈಸೂರಿನ ಜೆ.ಕೆ. ಮೈದಾನದಲ್ಲಿ ಸಾಕುಪ್ರಾಣಿ ಪ್ರದರ್ಶನ ನಡೆದರೆ ಹೋಗಿ, ನಾಯಿ ತಂದವರ ಜೊತೆ ಮಾತಿಗಿಳಿಯಿರಿ. ಬಹುಮಾನ ಯಾವುದಕ್ಕೆ ಬಂತು ಎನ್ನುವುದಕ್ಕಿಂತ, ಆ ಗದ್ದಲದಲ್ಲಿ ಯಾವ ನಾಯಿ ನೆಮ್ಮದಿಯಾಗಿ ಕುಳಿತಿತ್ತು ಎಂಬುದನ್ನು ನೋಡಿಕೊಳ್ಳಿ.

ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು ಎಂದು 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳಾಗದ ಹೆಣ್ಣಿಗೆ ಮರಿ ಮಾಡಿಸುವಂತಿಲ್ಲ. ಅದರ ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಮಾಡಿಸುವಂತಿಲ್ಲ. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

‘ಅಡ್ವಾನ್ಸ್ ಫೋನ್ ಪೇ ಮಾಡಿ, ಮರಿ ಬಸ್ಸಿಗೆ ಹಾಕಿಕೊಡ್ತೀವಿ’ ಎನ್ನುವವರಿಂದ ದೂರವಿರಿ. ರಾತ್ರಿಯಿಡೀ ಬುಟ್ಟಿಯಲ್ಲಿ ಕುಲುಕಾಡಿ ಬರುವ ಮರಿ ಅರ್ಧ ಜೀವವಾಗಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ, ಪೆಟ್ರೋಲ್ ಬಂಕಿನ ಹತ್ತಿರ, ಕಾರಿನ ಡಿಕ್ಕಿಯಲ್ಲಿ ಮರಿ ತೋರಿಸುವವರೂ ಅಷ್ಟೇ. ಹುಟ್ಟಿದ ಜಾಗ ತೋರಿಸಲು ಒಪ್ಪದವರ ಜೊತೆ ವ್ಯಾಪಾರವೇ ಬೇಡ.

ಇನ್ನೊಂದು ದಾರಿಯೂ ಇದೆ. ಮನೆ ಬದಲಾಯಿಸಿದರು, ಕೆಲಸ ಬೇರೆ ಊರಿಗಾಯಿತು ಎಂದು ಎರಡು ಮೂರು ವರ್ಷದ ಒಳ್ಳೆಯ ಲ್ಯಾಬ್ರಡಾರ್‌ಗಳನ್ನು ಬಿಟ್ಟು ಹೋಗುವವರು ಇದ್ದಾರೆ. ಅವು ಆಶ್ರಯತಾಣಗಳಲ್ಲಿ ಮನೆಗಾಗಿ ಕಾಯುತ್ತಿರುತ್ತವೆ. ಬೆಳೆದ ನಾಯಿಯ ಸ್ವಭಾವ, ಸೊಂಟ, ಕಣ್ಣು ಎಲ್ಲ ಎದುರಿಗೇ ಕಾಣುತ್ತವೆ. ಮರಿಯೇ ಬೇಕೆಂಬ ಹಟವಿಲ್ಲದಿದ್ದರೆ ನಾನು ಮೊದಲು ಸೂಚಿಸುವುದು ಇದನ್ನೇ.

ತಾಯಿಯನ್ನು ನೋಡುವುದು

ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಈ ಗಾದೆ ನಾಯಿಗಂತೂ ಅಕ್ಷರಶಃ ಹೊಂದುತ್ತದೆ. ಮರಿಯ ಅರ್ಧ ರಕ್ತ ತಾಯಿಯದು. ಮೊದಲ ಎರಡು ತಿಂಗಳ ಪಾಠವೂ ಅವಳದೇ. ಅವಳು ಹೆದರುಪುಕ್ಕಲಿಯಾದರೆ ಮರಿಗಳೂ ಹೆದರುವುದನ್ನೇ ಕಲಿಯುತ್ತವೆ.

‘ತಾಯಿ ಎಲ್ಲದೆ?’ ಎಂದು ಕೇಳಿದರೆ ಬರುವ ಉತ್ತರಗಳು ಹೆಚ್ಚುಕಮ್ಮಿ ಒಂದೇ ಥರ. ‘ತೋಟದ ಮನೇಲದೆ ಕಣಣ್ಣ, ಈಗ ಕರ್ಕಬರಕ್ಕಾಗಲ್ಲ.’ ‘ಇವತ್ತು ಡಾಕ್ಟ್ರ ಹತ್ರ ಹೋಗದೆ.’ ‘ವಿಡಿಯೋ ತೋರಿಸ್ತೀನಿ ಬನ್ನಿ.’ ಒಳ್ಳೆಯದು, ತಾಯಿ ಇರುವ ದಿನವೇ ಬರುತ್ತೇನೆ ಎಂದು ಹೇಳಿ ಎದ್ದು ಬನ್ನಿ. ತಂದೆ ಅಲ್ಲಿ ಇಲ್ಲದಿರುವುದು ಮಾತ್ರ ತಪ್ಪಲ್ಲ. ಯೋಚಿಸಿ ಮರಿ ಮಾಡಿಸುವವರು ಹೆಣ್ಣನ್ನು ಬೇರೆ ಊರಿನ ಒಳ್ಳೆಯ ಗಂಡಿನ ಹತ್ತಿರ ಮೇಟಿಂಗ್‌ಗೆ ಒಯ್ಯುತ್ತಾರೆ. ಆಗ ಗಂಡಿನ ಕಾಗದಪತ್ರ, ಅದರ ಯಜಮಾನರ ಫೋನ್ ನಂಬರ್ ಕೇಳಿ ಪಡೆಯಿರಿ.

ಕೆಲವು ಕಡೆ ಬೇರೆ ಯಾವುದೋ ಚಂದದ ಹೆಣ್ಣುನಾಯಿಯನ್ನು ತಾಯಿಯೆಂದು ತೋರಿಸುವುದುಂಟು. ನಿಜವಾದ ತಾಯಿಯ ಮೊಲೆಗಳು ಹಾಲಿಳಿದು ಜೋತಿರುತ್ತವೆ, ಕೂದಲು ಉದುರಿ ಮೈ ಸ್ವಲ್ಪ ಸೊರಗಿರುತ್ತದೆ. ಅದು ರೋಗವಲ್ಲ, ಬಾಣಂತನ. ಬಾಗಿಲು ತೆರೆದ ಕೂಡಲೇ ಮರಿಗಳು ಓಡಿ ಬಂದು ಹೊಟ್ಟೆಯ ಕೆಳಗೆ ತೂರಿದರೆ ಬೇರೆ ಸಾಕ್ಷಿ ಬೇಡ.

ಮರಿಗಳ ಪಕ್ಕದಲ್ಲಿ ನಿಮ್ಮನ್ನು ಕಂಡು ಅವಳು ಒಂದು ಸಲ ಗುರ್ ಎಂದರೆ ಅದು ತಾಯಿಯ ಹಕ್ಕು. ಅವಳನ್ನು ಅಂಗಳಕ್ಕೆ ಕರೆಸಿ, ನೀವು ಸುಮ್ಮನೆ ಒಂದು ಕಡೆ ಕುಳಿತುಕೊಳ್ಳಿ. ಐದು ನಿಮಿಷದೊಳಗೆ ಬಂದು ಕೈ ಮೂಸಿ, ಬಾಲ ಬೀಸಿ, ಪಕ್ಕದಲ್ಲಿ ನಿಲ್ಲುವ ಹೆಣ್ಣು ಲ್ಯಾಬ್ರಡಾರ್ ತಾಯಿಯಾಗಲು ಯೋಗ್ಯ. ಬಾಲ ಹೊಟ್ಟೆಯಡಿ ಸೇರಿಸಿಕೊಂಡು ಮೂಲೆಗೆ ಹೋಗಿ ನಿಂತರೆ, ಇಲ್ಲವೇ ಹಲ್ಲು ತೋರಿಸುತ್ತಲೇ ಇದ್ದರೆ, ಮರಿ ಎಷ್ಟೇ ಮುದ್ದಾಗಿರಲಿ ಬಿಟ್ಟುಬಿಡಿ.

ಆಮೇಲೆ ನಡಿಗೆ. ಮಲಗಿದ್ದವಳು ಎದ್ದು ನಿಲ್ಲುವಾಗ ಹಿಂಗಾಲು ತಡವರಿಸುತ್ತದೆಯೇ ನೋಡಿ. ಹಿಂದಿನಿಂದ ನೋಡಿ, ಸೊಂಟ ಆಚೀಚೆ ತೂಗಾಡುತ್ತದೆಯೇ? ಓಡುವಾಗ ಎರಡೂ ಹಿಂಗಾಲನ್ನು ಮೊಲದಂತೆ ಒಟ್ಟಿಗೆ ಎತ್ತಿ ಹಾಕುತ್ತದೆಯೇ? ಇವೆಲ್ಲ ಸೊಂಟದ ಕೀಲು ಸಡಿಲವಿರುವ ಲಕ್ಷಣ. ಲ್ಯಾಬ್ರಡಾರ್ ಜಾತಿಯನ್ನು ಹೆಚ್ಚು ಕಾಡುವ ತೊಂದರೆಗಳಲ್ಲಿ ಇದೂ ಒಂದು, ಮತ್ತು ರಕ್ತದಲ್ಲಿ ಇಳಿದು ಬರುವಂಥದ್ದು. ಕಣ್ಣಿಗೆ ಚೆನ್ನಾಗಿ ಕಂಡ ನಡಿಗೆಯ ಒಳಗೂ ಕೆಟ್ಟ ಕೀಲು ಇರಬಹುದು. ಅದಕ್ಕಾಗಿಯೇ ಎಕ್ಸ್‌ರೇ ಕೇಳಬೇಕು.

ಕಾಗದ ಏನು ಹೇಳುತ್ತದೆ

ಮಾರುವವರ ಬಾಯಲ್ಲಿ ಬರುವ ಮಾತುಗಳು ನಿಮಗೆ ಈಗಾಗಲೇ ಕೇಳಿಸಿರಬಹುದು: ಹೆವಿ ಬೋನ್, ಪಂಚ್ ಫೇಸ್, ಶೋ ಕ್ವಾಲಿಟಿ, ಚಾಂಪಿಯನ್ ಬ್ಲಡ್‌ಲೈನ್. ಇವು ಬೆಲೆ ಏರಿಸುವ ಮಾತು, ಆರೋಗ್ಯದ ಮಾತಲ್ಲ. ದಪ್ಪ ಮೂಳೆ, ಅಗಲ ತಲೆ ಬೇಕೆಂದು ಭಾರದ ನಾಯಿಗಳನ್ನೇ ಜೋಡಿಸುತ್ತಾ ಹೋದರೆ ಆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ.

ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ, ಅಂದರೆ ಎಲ್ಲರೂ ಹೇಳುವ ಕೆಸಿಐ ಪೇಪರ್, ಮರಿಯ ವಂಶ ಯಾವುದು ಎಂದು ಹೇಳುತ್ತದೆ. ಆರೋಗ್ಯ ಹೇಗಿದೆ ಎಂದು ಹೇಳುವುದಿಲ್ಲ. ಆದರೂ ಅದು ಬೇಕು. ತಂದೆ ತಾಯಿಯರ ಪತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಅಜ್ಜ ಅಜ್ಜಿಯರ ಹೆಸರು ಓದಿ. ಒಂದೇ ಹೆಸರು ಎರಡೂ ಕಡೆ ಬಂದಿದ್ದರೆ ಹತ್ತಿರದ ಸಂಬಂಧದಲ್ಲೇ ಕೂಡಿಸಿದ್ದಾರೆ ಎಂದರ್ಥ. ಅಣ್ಣ ತಂಗಿ, ಅಪ್ಪ ಮಗಳು ಎಂಬಂಥ ಜೋಡಿಯಾದರೆ ಖಂಡಿತ ಬೇಡ. ತಾಯಿಯ ಕುತ್ತಿಗೆಯ ಮೈಕ್ರೋಚಿಪ್ಪಿನ ಹದಿನೈದು ಅಂಕಿಯೂ ಪತ್ರದ ಅಂಕಿಯೂ ತಾಳೆಯಾಗಬೇಕು. ಪಶುವೈದ್ಯರ ಹತ್ತಿರ ಸ್ಕ್ಯಾನರ್ ಇದ್ದರೆ ಒಂದು ನಿಮಿಷದ ಕೆಲಸ.

ಸೊಂಟ, ಮೊಣಕೈ ಕೀಲುಗಳ ಎಕ್ಸ್‌ರೇಯನ್ನು ನಾಯಿಗೆ ಒಂದು ವರ್ಷ ತುಂಬಿದ ಮೇಲೆ ತೆಗೆಸಿರಬೇಕು. ಬ್ರಿಟನ್ನಿನ ಪದ್ಧತಿಯಲ್ಲಿ ಎರಡೂ ಕಡೆಯ ಸೊಂಟ ಸೇರಿಸಿ 0ಯಿಂದ 106ರವರೆಗೆ ಅಂಕ; ಕಡಿಮೆಯಿದ್ದಷ್ಟೂ ಒಳ್ಳೆಯದು. ಯುರೋಪಿನ ಪದ್ಧತಿಯಲ್ಲಿ ‘ಎ’ಯಿಂದ ‘ಇ’ವರೆಗೆ ದರ್ಜೆ; ‘ಎ’, ‘ಬಿ’ ಚೆನ್ನ; ‘ಡಿ’, ‘ಇ’ ಆದರೆ ಆ ನಾಯಿಗೆ ಮರಿ ಮಾಡಿಸಲೇಬಾರದು. ಮೊಣಕೈಗೆ 0ಯಿಂದ 3, ಸೊನ್ನೆಯೇ ಬೇಕು.

ರಕ್ತ ಅಥವಾ ಕೆನ್ನೆಯ ಒಳಗಿನ ಎಂಜಲಿನಿಂದ ಮಾಡುವ ಡಿಎನ್‌ಎ ಪರೀಕ್ಷೆಯಲ್ಲಿ ಮುಖ್ಯವಾಗಿ ಎರಡು ತೊಂದರೆ ಕೇಳಿ. ಒಂದು ಪಿಆರ್‌ಎ: ಮೊದಲು ರಾತ್ರಿ ಕಾಣದಾಗಿ, ನಿಧಾನಕ್ಕೆ ಪೂರ್ತಿ ಕುರುಡಾಗುವ ರೋಗ. ಇನ್ನೊಂದು ಇಐಸಿ: ಹತ್ತು ಹದಿನೈದು ನಿಮಿಷ ಜೋರಾಗಿ ಓಡಿದ ಮೇಲೆ ಹಿಂಗಾಲು ಸೋತು ಕುಸಿದು ಬೀಳುವ ರೋಗ. ಬಿಸಿಲೂರಲ್ಲಿ ಇದು ಜೀವಕ್ಕೇ ಅಪಾಯ. ಇವೆರಡೂ ಕೆಟ್ಟ ಜೀನು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮರಿಗೆ ತಟ್ಟುತ್ತವೆ. ಹಾಗಾಗಿ ಇಬ್ಬರಲ್ಲಿ ಒಬ್ಬರು ಕ್ಲಿಯರ್, ಅಂದರೆ ಕೆಟ್ಟ ಜೀನು ಇಲ್ಲ, ಎಂದು ವರದಿಯಿದ್ದರೂ ಸಾಕು, ಮರಿಗೆ ಆ ರೋಗ ಬರುವುದಿಲ್ಲ.

ಇಷ್ಟೆಲ್ಲ ವರದಿ ಇಟ್ಟುಕೊಂಡವರು ನಮ್ಮ ಕಡೆ ವಿರಳ. ಇಲ್ಲದಿದ್ದರೆ ಏನು ಮಾಡಬೇಕು? ತಾಯಿಯ ಸೊಂಟದ ಎಕ್ಸ್‌ರೇ ಒಂದನ್ನಾದರೂ ತೆಗೆಸಿದ್ದರೆ ಕೇಳಿ ಪಡೆದು, ನಿಮ್ಮ ಪಶುವೈದ್ಯರಿಗೆ ತೋರಿಸಿ. ಹಾಸನದ ಪಶುವೈದ್ಯಕೀಯ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಕಾಲೇಜು ನಮಗೆ ಒಂದು ದಿನದ ಪ್ರಯಾಣವಷ್ಟೆ; ಮರಿ ಮಾಡಿಸುವ ಮನಸ್ಸಿರುವವರು ಅಲ್ಲಿನ ತಜ್ಞರ ಅಭಿಪ್ರಾಯ ತರಬಹುದು. ಅದೂ ಇಲ್ಲವೆಂದರೆ ಇದೇ ತಾಯಿಯ ಹಿಂದಿನ ಸೂಲಿನ ಮರಿ ಒಯ್ದ ಎರಡು ಮೂರು ಮನೆಯವರ ನಂಬರ್ ಕೇಳಿ. ಎರಡು ವರ್ಷ ತುಂಬಿದ ಆ ಮರಿಗಳು ಹೇಗೆ ನಡೆಯುತ್ತವೆ ಎಂದು ಹೋಗಿ ನೋಡಿ. ಯಾವ ವರದಿಗಿಂತಲೂ ಕಡಿಮೆಯಿಲ್ಲದ ಪುರಾವೆ ಅದು. ನಂಬರ್ ಕೊಡಲು ಹಿಂಜರಿಯುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಿರಿ.

ಮರಿಯನ್ನು ಕೈಗೆತ್ತಿಕೊಂಡಾಗ

ತಾಯಿ ಒಪ್ಪಿಗೆಯಾದ ಮೇಲೆ ಮರಿಗಳ ಹತ್ತಿರ ಹೋಗಿ. ಊಟದ ಹೊತ್ತಿಗೆ ಮುಂಚೆ ಹೋದರೆ ಒಳ್ಳೆಯದು. ಹೊಟ್ಟೆ ತುಂಬಿದ ಮರಿಗಳು ಮಲಗಿಬಿಡುತ್ತವೆ, ಏನೂ ತಿಳಿಯುವುದಿಲ್ಲ. ಒಂದು ಗುಂಪಿನಲ್ಲಿ ಆರೇಳು ಮರಿ ಇರುವುದು ಸಾಮಾನ್ಯ. ಒಂದಕ್ಕೆ ಭೇದಿ, ವಾಂತಿ ಇದ್ದರೆ ಉಳಿದವು ಎಷ್ಟೇ ಚೆನ್ನಾಗಿ ಕಂಡರೂ ಅಂದು ಮುಟ್ಟಬೇಡಿ. ಆ ಭೇದಿ ಪಾರ್ವೊ ಆಗಿದ್ದರೆ ಉಳಿದವಕ್ಕೂ ಒಳಗೇ ಹತ್ತಿರುತ್ತದೆ. ಒಂದೇ ದಿನ ಎರಡು ಕಡೆ ಮರಿ ನೋಡಲೂ ಹೋಗಬೇಡಿ. ನಿಮ್ಮ ಚಪ್ಪಲಿಯೇ ವೈರಸ್ ಹೊತ್ತೊಯ್ಯುತ್ತದೆ.

ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿ. ತುಟಿ ಎತ್ತಿ ವಸಡು ನೋಡಿ, ಗುಲಾಬಿ ಬಣ್ಣವಿರಬೇಕು. ಬಿಳಿಚಿಕೊಂಡಿದ್ದರೆ ಜಂತುಹುಳು ಅಥವಾ ಉಣ್ಣೆ ರಕ್ತ ಕುಡಿದಿದೆ. ಮೇಲಿನ ಮುಂಹಲ್ಲು ಕೆಳಗಿನದಕ್ಕೆ ತಾಗಿಕೊಂಡು ಸ್ವಲ್ಪವೇ ಮುಂದಿರಬೇಕು. ಕಿವಿಯನ್ನು ಮಡಚಿ ಒಳಗೆ ಮೂಸಿ: ಹುಳಿ ವಾಸನೆ, ಕಪ್ಪು ಮಣ್ಣಿನಂಥ ಕೊಳೆ ಇರಬಾರದು. ಕಾಲ್ಬೆರಳ ಸಂದು ಬಿಡಿಸಿ ಉಣ್ಣೆ ಹುಡುಕಿ. ಕಣ್ಣಿನ ಸುತ್ತ, ಮೊಣಕಾಲ ಬಳಿ ದುಂಡಗೆ ಕೂದಲು ಹೋಗಿದ್ದರೆ ಕಜ್ಜಿಯೋ ಬೂಷ್ಟಿನ ಸೋಂಕೋ ಇರಬಹುದು. ಹೊಟ್ಟೆ ಮಾತ್ರ ಡೋಲಿನಂತೆ ಉಬ್ಬಿ ಪಕ್ಕೆಲುಬು ಎದ್ದು ಕಂಡರೆ ಹುಳುವಿನ ಹೊಟ್ಟೆ. ಹೊಕ್ಕುಳಲ್ಲಿ ಬೆರಳಿಗೆ ಸಿಗುವ ಮೆತ್ತನೆ ಗಂಟಿದ್ದರೆ ಹರ್ನಿಯಾ, ವೈದ್ಯರಿಗೆ ತೋರಿಸಿಯೇ ತೀರ್ಮಾನಿಸಿ. ಬಾಲದ ಕೆಳಗೆ ಒಣಗಿದ ಭೇದಿಯ ಕಲೆ ಇರಬಾರದು. ಗಂಡು ಮರಿಯಾದರೆ ಎರಡೂ ವೃಷಣ ಇಳಿದಿವೆಯೇ ನೋಡಿ.

ಸ್ವಭಾವ ತಿಳಿಯಲು ನಾನು ನೆಚ್ಚುವುದು ಕೆಲವು ಸಣ್ಣ ಪರೀಕ್ಷೆಗಳನ್ನು. ಮರಿಯನ್ನು ಗುಂಪಿನಿಂದ ಬೇರ್ಪಡಿಸಿ, ಅದು ಕಂಡಿರದ ಜಾಗಕ್ಕೆ ಒಯ್ಯಿರಿ. ಸ್ವಲ್ಪ ದೂರ ಕುಳಿತು ಚಪ್ಪಾಳೆ ತಟ್ಟಿ ಕರೆಯಿರಿ. ಒಂದು ಕ್ಷಣ ನಿಂತು, ಯೋಚಿಸಿ, ಬಾಲ ಎತ್ತಿಕೊಂಡು ಬರುವ ಮರಿ ಮನೆಗೆ ಹೇಳಿ ಮಾಡಿಸಿದ್ದು. ಬಳಿಕ ಒಂದು ಕಾಗದವನ್ನು ಉಂಡೆ ಮಾಡಿ ಅದರ ಕಣ್ಣೆದುರಿಗೆ ನಾಲ್ಕಡಿ ದೂರ ಎಸೆಯಿರಿ. ಬೆನ್ನಟ್ಟಿ ಹೋಗಿ, ಬಾಯಲ್ಲಿ ಕಚ್ಚಿ, ನಿಮ್ಮ ಕಡೆಗೇ ತಿರುಗಿತೆಂದರೆ ಹಳೆಯ ಮೀನುಗಾರರ ನಾಯಿಯ ರಕ್ತ ಅದರಲ್ಲಿದೆ. ತರಿಸುವ ಆಟ, ಕೆಲಸ ಕಲಿಸುವ ಆಸೆ ಇರುವವರು ಇದನ್ನೇ ಆರಿಸಿಕೊಳ್ಳಿ. ಕೊನೆಗೆ ಅದರ ಬೆನ್ನ ಹಿಂದೆ ಸ್ವಲ್ಪ ದೂರದಲ್ಲಿ ಸ್ಟೀಲ್ ತಟ್ಟೆಯೊಂದನ್ನು ನೆಲಕ್ಕೆ ಬೀಳಿಸಿ. ಬೆಚ್ಚುವುದು ಸಹಜ, ಬೆಚ್ಚಿದ ಮೇಲೆ ಏನದು ಎಂದು ಬಂದು ಮೂಸುತ್ತದೆಯೇ, ಇಲ್ಲ ಮಂಚದ ಕೆಳಗೆ ಸೇರಿ ನಡುಗುತ್ತದೆಯೇ? ದೀಪಾವಳಿ ಪಟಾಕಿಯ ಮೂರು ದಿನ ಹೇಗಿರುತ್ತವೆ ಎಂಬುದರ ಸುಳಿವು ಇದು.

ಇವೆಲ್ಲ ಸುಳಿವುಗಳೇ ಹೊರತು ಜಾತಕವಲ್ಲ. ಅಂದು ನಿದ್ದೆಗಣ್ಣಲ್ಲಿದ್ದ ಮರಿ ಮರುದಿನ ಬೇರೆಯೇ ಆಗಿ ಕಾಣಬಹುದು. ಸಾಧ್ಯವಾದರೆ ಎರಡು ಸಲ ಹೋಗಿ. ಎಲ್ಲವನ್ನೂ ತಳ್ಳಿ ಮುನ್ನುಗ್ಗಿ ಕಾಲು ಕಚ್ಚುವ ಪುಂಡ ಮರಿ ಮೊದಲ ಸಲ ನಾಯಿ ಸಾಕುವವರ ಕೈಗೆ ಹೆಚ್ಚಾಗಬಹುದು. ಮೂಲೆ ಬಿಟ್ಟು ಬಾರದ ಮರಿಯ ಮೇಲೆ ಕನಿಕರ ಉಕ್ಕಿದರೂ ಚಿಕ್ಕ ಮಕ್ಕಳ ಮನೆಗೆ ಅದು ಹೊಂದದು. ನಡುವಿನವು ಕಣ್ಣಿಗೆ ಬೀಳುವುದಿಲ್ಲ, ಹುಡುಕಬೇಕು.

ಬಣ್ಣ, ಗಂಡು ಹೆಣ್ಣು

ತಳಿಯ ಬಣ್ಣ ಮೂರೇ: ಕಪ್ಪು, ಹಳದಿ, ಚಾಕೊಲೇಟ್. ಕೆನೆಯಿಂದ ಕಡುಗೆಂಪಿನವರೆಗೆ ಎಲ್ಲವೂ ಹಳದಿಯೊಳಗೇ ಸೇರುತ್ತವೆ. ‘ಸಿಲ್ವರ್’, ‘ಚಾರ್ಕೋಲ್’ ಅಪರೂಪ ಎಂದು ಹೆಚ್ಚು ಹಣ ಕೇಳಿದರೆ ಕೊಡಬೇಡಿ. ಬ್ರಿಟನ್ನಿನಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚಾಕೊಲೇಟ್ ನಾಯಿಗಳು ಸುಮಾರು 10.7 ವರ್ಷ, ಉಳಿದ ಬಣ್ಣದವು 12.1 ವರ್ಷ ಬದುಕಿದ್ದು ಕಂಡುಬಂತು. ಚರ್ಮ, ಕಿವಿಯ ತೊಂದರೆಯೂ ಚಾಕೊಲೇಟಿನಲ್ಲಿ ಹೆಚ್ಚಿತ್ತು. ಬಣ್ಣಕ್ಕಾಗಿಯೇ ಹತ್ತಿರದ ಸಂಬಂಧದಲ್ಲಿ ಜೋಡಿ ಮಾಡಿದ್ದರ ಫಲ ಇದಿರಬಹುದು. ಗಂಡೋ ಹೆಣ್ಣೋ ಎಂಬುದು ನಿಮ್ಮ ಅನುಕೂಲ; ಸ್ವಭಾವದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ.

ಒಯ್ಯುವ ದಿನ

‘ಚಿಕ್ಕದಿದ್ದಾಗಲೇ ತಂದರೆ ಚೆನ್ನಾಗಿ ಒಗ್ಗುತ್ತೆ’ ಎಂದು 35, 40 ದಿನಕ್ಕೇ ಮರಿ ಕೊಟ್ಟುಬಿಡುತ್ತಾರೆ. ನಿಜವೆಂದರೆ ಮಾರುವವರಿಗೆ ಹಾಲು, ಫುಡ್, ಲಸಿಕೆಯ ಖರ್ಚು ಉಳಿಯುತ್ತದೆ. ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಎಂದು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಕುಸ್ತಿಯಾಡುವಾಗ. ಎಂಟು ವಾರ ತುಂಬುವವರೆಗೆ ಅಲ್ಲೇ ಬಿಡಿ.

ಲಸಿಕೆ ಕಾರ್ಡಿನಲ್ಲಿ ಸೀಸೆಯಿಂದ ಕಿತ್ತು ಅಂಟಿಸಿದ ಲೇಬಲ್, ದಿನಾಂಕ, ವೈದ್ಯರ ಸಹಿ, ಮೊಹರು ನಾಲ್ಕೂ ಇರಬೇಕು. ಬರೀ ಲೇಬಲ್ ಇದ್ದರೆ ಮೆಡಿಕಲ್ ಶಾಪಿನಿಂದ ತಂದು ತಾವೇ ಚುಚ್ಚಿರಬಹುದು, ಫ್ರಿಜ್ಜಿನಲ್ಲಿ ಇಡದ ಲಸಿಕೆಯೂ ಆಗಿರಬಹುದು. ಹಣ ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಅದರಲ್ಲೇ ಎರಡು ಸಾಲು ಬರೆಸಿ: ಮೂರು ದಿನದೊಳಗೆ ವೈದ್ಯರು ಹುಟ್ಟಿನ ದೋಷ ಅಥವಾ ಸೋಂಕು ಕಂಡುಹಿಡಿದರೆ ಮರಿ ವಾಪಸ್, ಹಣ ವಾಪಸ್. ಬರೆದುಕೊಡುವವರು ತಮ್ಮ ಮರಿಯ ಮೇಲೆ ನಂಬಿಕೆ ಇಟ್ಟವರು. ಈಗ ತಿನ್ನುತ್ತಿರುವ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ, ತಾಯಿಯ ವಾಸನೆಯಿರುವ ಬಟ್ಟೆಯ ತುಂಡೂ ಇರಲಿ.

ಮೊದಲ ವರ್ಷ

ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳಿಗೆ ಒಟ್ಟಿಗೇ ಹಾಕುವ, ಡಿಎಚ್‌ಪಿಪಿಐ ಎಂದು ಕರೆಯುವ ಕೂಡುಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರದವರೆಗೆ ನಡೆಯಬೇಕು. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಗದ್ದೆ ಬಯಲಿನವರು ಲೆಪ್ಟೊಸ್ಪೈರೋಸಿಸ್ ಲಸಿಕೆ ಸೇರಿದೆಯೇ ಎಂದು ವಿಚಾರಿಸಿ. ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಬರುವ ಈ ರೋಗ ನಾಯಿಯಿಂದ ಮನುಷ್ಯರಿಗೂ ಹತ್ತುತ್ತದೆ. ಲಸಿಕೆ ಮುಗಿಯುವವರೆಗೆ ಬೀದಿಯ ಮಣ್ಣಿಗೆ ಇಳಿಸಬೇಡಿ. ಆದರೆ ಎತ್ತಿಕೊಂಡು ತಿರುಗಾಡಿಸಿ: ಬಸ್ಸಿನ ಹಾರನ್, ಗಾರ್ಬೇಜ್ ಗಾಡಿಯ ಹಾಡು, ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ದನ, ಕೋಳಿ ಎಲ್ಲವನ್ನೂ ಮೂರು ತಿಂಗಳೊಳಗೆ ಕಂಡ ಮರಿ ಮುಂದೆ ಹೆದರುವುದಿಲ್ಲ. ಮನೆಯಲ್ಲಿ ಹಿಂದೆ ಪಾರ್ವೊದಿಂದ ಮರಿ ಸತ್ತಿದ್ದರೆ ವೈದ್ಯರ ಸಲಹೆ ಇಲ್ಲದೆ ಹೊಸ ಮರಿ ತರಬೇಡಿ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಉಣ್ಣೆಯನ್ನು ಹಗುರವಾಗಿ ಕಾಣಬೇಡಿ. ಎರ್ಲಿಕಿಯಾ, ಬಬೇಸಿಯಾ ಎಂಬ ರಕ್ತದ ರೋಗಗಳು ಅದರಿಂದಲೇ ಬರುತ್ತವೆ. ಊಟ ಬಿಟ್ಟು, ಜ್ವರ ಬಂದು, ವಸಡು ಬಿಳಿಚಿಕೊಂಡರೆ ‘ನಾಳೆ ನೋಡೋಣ’ ಎನ್ನದೆ ಅಂದೇ ರಕ್ತ ಪರೀಕ್ಷೆ ಮಾಡಿಸಿ.

ಊಟದ ವಿಷಯಕ್ಕೆ ಬಂದರೆ ನಮ್ಮ ಮನೆಗಳ ಪ್ರೀತಿಯೇ ಅಪಾಯ. ಹೋಳಿಗೆಯ ಚೂರು, ಬೆಲ್ಲ, ಬಿಸ್ಕತ್ತು, ಮುದ್ದೆಯ ಮೇಲೆ ತುಪ್ಪ. 2016ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ಬ್ರಿಟನ್ನಿನ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗದವಲ್ಲಿ ಹಸಿವು ತೀರದಂತೆ ಮಾಡುವ ಜೀನಿನ ದೋಷ ಇರುವುದನ್ನು ಕಂಡುಕೊಂಡರು. ಅಂದರೆ ಅದು ತಟ್ಟೆ ನೆಕ್ಕಿ ನಿಮ್ಮ ಮುಖ ನೋಡುವುದಕ್ಕೂ ಹೊಟ್ಟೆ ತುಂಬಿರುವುದಕ್ಕೂ ಸಂಬಂಧವೇ ಇಲ್ಲದಿರಬಹುದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ 25ರಷ್ಟು ಕಡಿಮೆ ಊಟ ಹಾಕಿ ಸಾಯುವವರೆಗೂ ಗಮನಿಸಿದರು. ಕಡಿಮೆ ಉಂಡವು ಸುಮಾರು 13 ವರ್ಷ, ಹೆಚ್ಚು ಉಂಡವು 11.2 ವರ್ಷ ಬದುಕಿದವು. ಕೀಲು ನೋವೂ ತಡವಾಗಿ ಬಂತು. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಒತ್ತದೆಯೇ ಬೆರಳಿಗೆ ಸಿಗಬೇಕು, ಅದೇ ಅಳತೆ. ರಾಗಿ ಗಂಜಿ, ಮುದ್ದೆ ಕೊಡಬಹುದು, ಆದರೆ ಬೆಳೆಯುವ ಮರಿಗೆ ಅದೊಂದೇ ಸಾಲದು. ಮೊಟ್ಟೆ, ಕೋಳಿ ಅಥವಾ ಒಳ್ಳೆಯ ಪಪ್ಪಿ ಫುಡ್ ಇರಲೇಬೇಕು. ಪಪ್ಪಿ ಫುಡ್ ತಿನ್ನುವ ಮರಿಗೆ ಮೇಲಿಂದ ಕ್ಯಾಲ್ಸಿಯಂ ಸಿರಪ್ ಹಾಕಬೇಡಿ, ಮೂಳೆ ಸೊಟ್ಟಗಾಗಲು ಅದೂ ಕಾರಣವಾಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ವಿಷ.

ಮೂರು ತಿಂಗಳಾಗುವವರೆಗೆ ಮೆಟ್ಟಿಲು ಹತ್ತಿಸಬೇಡಿ, ಎತ್ತಿಕೊಂಡು ಹೋಗಿ. ನಾರ್ವೆಯಲ್ಲಿ ನಡೆದ ಅಧ್ಯಯನದಲ್ಲಿ ಆ ವಯಸ್ಸಿನೊಳಗೆ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ತೊಂದರೆ ಹೆಚ್ಚಿತ್ತು, ಮೆತ್ತನೆ ನೆಲದ ಬಯಲಲ್ಲಿ ಆಡಿದವಲ್ಲಿ ಕಡಿಮೆಯಿತ್ತು. ನುಣುಪು ಟೈಲ್ಸ್ ಮನೆಯಾದರೆ ಅದು ಓಡಾಡುವ ಜಾಗಕ್ಕೆ ಹಳೆಯ ಜಮಖಾನೆ ಹಾಸಿ.

ಮಂಡ್ಯದ ನಾಲೆ ಬಯಲಿನವರಿಗೆ ಒಂದು ಎಚ್ಚರಿಕೆ. ನೀರು ಕಂಡರೆ ಲ್ಯಾಬ್ರಡಾರ್ ಹಾರಿಯೇ ಹಾರುತ್ತದೆ. ವಿ.ಸಿ. ನಾಲೆಯಂಥ ದೊಡ್ಡ ನಾಲೆಯ ಸೆಳವು, ಇಳಿಜಾರಾದ ನುಣುಪು ದಡ ಈಜು ಬಲ್ಲ ನಾಯಿಯನ್ನೂ ಮೇಲೆ ಹತ್ತಲು ಬಿಡುವುದಿಲ್ಲ. ಏರಿಯ ಮೇಲೆ ಬೆಲ್ಟ್ ಬಿಚ್ಚಲೇಬೇಡಿ. ಕಬ್ಬಿನ ಗದ್ದೆಯ ಬದುವಿನಲ್ಲಿ ಕೊಳಕುಮಂಡಲ, ನಾಗರಹಾವು. ಮೂಗು ತೂರಿಸಿಕೊಂಡೇ ನಡೆಯುವ ನಾಯಿಗೆ ಕಚ್ಚುವುದು ಮುಖಕ್ಕೇ. ಸಂಜೆಯ ಮೇಲೆ ತಿ. ನರಸೀಪುರ, ಮಳವಳ್ಳಿ, ಪಾಂಡವಪುರ ಕಡೆಯ ತೋಟದ ಮನೆಗಳಲ್ಲಿ ಚಿರತೆಯ ಭಯವಿದೆ, ಅದಕ್ಕೆ ನಾಯಿಯೆಂದರೆ ಸುಲಭದ ತುತ್ತು. ರಾತ್ರಿ ಮನೆಯೊಳಗೇ ಮಲಗಿಸಿ.

ಒಂದು ವರ್ಷ ತುಂಬಿದ ಮೇಲೆ ನಿಮ್ಮ ನಾಯಿಯ ಸೊಂಟದ ಎಕ್ಸ್‌ರೇ ತೆಗೆಸಿ, ಕುಂಟು ಇರಲಿ ಬಿಡಲಿ. ವರದಿಯ ಒಂದು ಪ್ರತಿಯನ್ನು ಮರಿ ಕೊಟ್ಟವರಿಗೂ ಕಳಿಸಿ. ಆ ತಾಯಿಗೆ ಇನ್ನೊಂದು ಸೂಲು ಮಾಡಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಅವರಿಗೆ ಬೇಕಾದ ಮಾಹಿತಿ ನಿಮ್ಮ ಕೈಯಲ್ಲೇ ಇರುತ್ತದೆ, ಮತ್ತು ಮುಂದೆ ಮರಿ ಕೇಳಿಕೊಂಡು ಬರುವವರಿಗೆ ಅವರು ತೋರಿಸಬೇಕಾದ ಕಾಗದವೂ ಅದೇ.